ಬೋರೆ ಮರದ ಕೆಳಗಿನ ರೊಟ್ಟಿ ಅಂಗಡಿ

ದೆವ್ವ, ಭೂತ ಎಂದು ಕಥೆ ಶುರು ಮಾಡುವವರ ಬಾಯಿ ಮುಚ್ಚಿಸುವುದರಲ್ಲಿ ನನಗೆ ಮೊದಲಿನಿಂದಲೂ ಒಂದು ಖುಷಿಯಿತ್ತು. ನಾನು ನರ್ಸ್. ರಿಯಾದಿನ ಒಂದು ಆಸ್ಪತ್ರೆಯಲ್ಲಿ ಬಹಳ ವರ್ಷಗಳಿಂದ ಕೆಲಸದಲ್ಲಿದ್ದೇನೆ. ಜನ ಸಾಯುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ, ಸತ್ತವರ ಕಣ್ಣು ನನ್ನ ಕೈಯಾರೆ ಮುಚ್ಚಿದ್ದೇನೆ. ಅವರಲ್ಲಿ ಒಬ್ಬರೂ ಎದ್ದು ಬಂದು ನನ್ನನ್ನು ಮಾತಾಡಿಸಿಲ್ಲ. ಖಾಲಿ ಕೋಣೆಯ ಬೆಲ್ ತಾನಾಗಿ ಹೊಡೆಯಿತು ಎಂದು ಜೊತೆಯವಳೊಬ್ಬಳು ಗಡಗಡ ನಡುಗಿದಾಗ, ಎಲೆಕ್ಟ್ರಿಶಿಯನ್‌ನನ್ನು ಕರೆದು ವೈರ್ ನೋಡಿಸು ಎಂದು ಬೈದು ಕಳಿಸಿದವಳು ನಾನು. ಈಗ ನಾನೇ ಇದನ್ನು ಬರೆಯಲು ಕೂತಿದ್ದೇನೆ. ಓದಿ ನಗುವವರು ನಗಬಹುದು. ಬೇರೆ ಯಾರಾದರೂ ಬರೆದಿದ್ದರೆ ನಾನೂ ನಗುತ್ತಿದ್ದೆ.

ಎರಡು ಚಳಿಗಾಲದ ಹಿಂದೆ ನನ್ನ ಅಮ್ಮ ವಿಸಿಟ್ ವೀಸಾದಲ್ಲಿ ನಮ್ಮ ಮನೆಗೆ ಬಂದಿದ್ದರು. ನಾವು ಬಜ್ಪೆ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಮನೆಯಲ್ಲಿ ಅಮ್ಮನನ್ನು ಮಾಂಯ್ ಎನ್ನುತ್ತೇವೆ, ಅವರು ನನ್ನನ್ನು ಬಾಯ್ ಎನ್ನುತ್ತಾರೆ. ಮಾಂಯ್‌ಗೆ ಕೊಂಕಣಿ, ತುಳು, ಸ್ವಲ್ಪ ಕನ್ನಡ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಸಕ್ಕರೆ ಕಾಯಿಲೆ ಹಳೆಯದು. ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಬೇಕು. ಊರಿನಲ್ಲಿ ಅವರಿಗೆ ಸಂಜೆಯ ಸೂಜಿಗೆ ಗಡಿಯಾರ ಬೇಕಾಗಿರಲಿಲ್ಲ. ಇಗರ್ಜಿಯಲ್ಲಿ ಆಮೊರಿಯ, ಅಂದರೆ ಸಂಜೆಯ ಪ್ರಾರ್ಥನೆಯ, ಗಂಟೆ ಹೊಡೆದ ಕೂಡಲೇ ಪ್ರಾರ್ಥನೆ, ಆಮೇಲೆ ಸೂಜಿ, ಆಮೇಲೆ ಊಟ. ಇಲ್ಲಿ ಇಗರ್ಜಿಯೂ ಇಲ್ಲ, ಗಂಟೆಯೂ ಇಲ್ಲ. ಬಂದ ವಾರದೊಳಗೆ ಅವರೇ ಒಂದು ದಾರಿ ಕಂಡುಕೊಂಡರು. ನಮ್ಮ ಫ್ಲಾಟಿನ ಪಕ್ಕದ ಮಸೀದಿಯಲ್ಲಿ ಸಂಜೆಯ ಬಾಂಗ್ ಆದ ಕೂಡಲೇ ಶಿಲುಬೆಯ ಗುರುತು ಮಾಡಿ, ಆಮೊರಿ ಹೇಳಿ, ಸೂಜಿ ಹಾಕಿಕೊಳ್ಳುತ್ತಿದ್ದರು. ನನಗೂ ನನ್ನ ಗಂಡ ಸ್ಟ್ಯಾನಿಗೂ ಇದು ದೊಡ್ಡ ತಮಾಷೆಯಾಗಿತ್ತು. ದೇವರು ಯಾವ ಗಂಟೆ ಹೊಡೆದರೂ ಕೇಳಿಸಿಕೊಳ್ಳುತ್ತಾನೆ ಎಂದು ಮಾಂಯ್ ನಮ್ಮನ್ನು ಸುಮ್ಮನಾಗಿಸುತ್ತಿದ್ದರು.

ರಿಯಾದ್ ಈಗ ಹೇಗೆ ಬೆಳೆಯುತ್ತಿದೆ ಎಂದರೆ, ರಜೆಗೆ ಊರಿಗೆ ಹೋಗಿ ಬರುವುದರೊಳಗೆ ನಮ್ಮ ಬೀದಿಯ ತಿರುವೇ ಗುರುತು ಸಿಗುವುದಿಲ್ಲ. ನಿನ್ನೆ ಇದ್ದ ಬೂಫಿಯಾ, ಅಂದರೆ ಸ್ಯಾಂಡ್‌ವಿಚ್ ಚಹಾದ ಗೂಡಂಗಡಿ, ಇವತ್ತು ತಗಡಿನ ಗೋಡೆಯ ಹಿಂದೆ ಮಾಯ. ಆ ಗೋಡೆಯ ಮೇಲೆ ಮುಂದೆ ಅಲ್ಲಿ ಏಳಲಿರುವ ಗಾಜಿನ ಕಟ್ಟಡದ ಚಿತ್ರ, ಚಿತ್ರದಲ್ಲಿ ನಗುತ್ತ ನಡೆಯುವ ಜನ. ನಾವು ಬಂದ ಕಾಲದಲ್ಲಿ ರಜಾದಿನ ಎಂದರೆ ಮಾಲ್‌ನಲ್ಲಿ ಸುತ್ತುವುದು, ಮಂಗಳೂರಿನವರ ಯಾರದಾದರೂ ಮನೆಯಲ್ಲಿ ಪರದೆ ಎಳೆದು ಹಾಡುವುದು, ಅಷ್ಟೇ. ಈಗ ಸಿನಿಮಾ ಉಂಟು, ಸಂಗೀತ ಉಂಟು, ಊರ ಹೊರಗೆ ಮರುಭೂಮಿಯಲ್ಲಿ ನೀರು ಹರಿಸಿ ಥೀಮ್ ಪಾರ್ಕ್ ಕಟ್ಟಿದ್ದಾರೆ. ನಮ್ಮ ಮಗಳು ರಿಯಾಳ ಕ್ಲಾಸಿನವರೆಲ್ಲ ಹೋಗಿ ಬಂದಿದ್ದರು. ಅವಳ ಕಾಟ ತಡೆಯಲಾರದೆ ಒಂದು ಶುಕ್ರವಾರ ಮಾಂಯ್‌ಯನ್ನೂ ಕರೆದುಕೊಂಡು ಹೊರಟೆವು.

ಹೊರಡುವಾಗ ಸ್ಟ್ಯಾನಿಯ ಒಂದು ಹಟ. ಮಾಂಯ್ ಅಬಾಯ ಹಾಕಲೇಬೇಕು. ಹೊರಗೆ ಹೋಗುವಾಗ ಹೆಂಗಸರು ಬಟ್ಟೆಯ ಮೇಲೆ ಹಾಕುವ ಕರಿ ನಿಲುವಂಗಿ ಅದು. ಈಗ ಪರದೇಶಿ ಹೆಂಗಸರು ಹಾಕಲೇಬೇಕೆಂದಿಲ್ಲ, ನಾನೇ ಎಷ್ಟೋ ಸಲ ಬರೀ ಚೂಡಿದಾರದಲ್ಲಿ ಹೋಗುತ್ತೇನೆ. ಆದರೆ ಸ್ಟ್ಯಾನಿ ಬ್ಯಾಚುಲರ್ ಆಗಿ ಬಂದ ಕಾಲದ ಹೆದರಿಕೆ ಇನ್ನೂ ಬಿಟ್ಟವನಲ್ಲ. "ಯಾರಾದರೂ ಏನಾದರೂ ಅಂದರೆ ಮಾಂಯ್‌ಗೆ ಉತ್ತರ ಕೊಡಲಿಕ್ಕೆ ಬರ್ತದಾ? ಒಂದು ಹಾಕ್ಕೊಂಡರೆ ಎಂತ ಆಗ್ತದೆ ಮಾರಾಯ್ತಿ?" ಎಂದ. ಮಾಂಯ್ ಹಳದಿ ಸೀರೆ ಉಟ್ಟಿದ್ದರು, ದೊಡ್ಡ ಕೆಂಪು ಹೂಗಳಿದ್ದ ಸೀರೆ. ಅದರ ಮೇಲೆ ನನ್ನ ಹಳೆಯ ಅಬಾಯ ಹಾಕಿಸಿ, ತಲೆಗೆ ಕರಿ ಶಾಲು ಸುತ್ತಿದೆ. ಅವರ ಫೋನು ಮನೆಯ ವೈಫೈಯಲ್ಲಿ ಮಾತ್ರ ನಡೆಯುತ್ತಿದ್ದುದರಿಂದ, ಶಾಲೆಯ ಪಿಕ್‌ನಿಕ್‌ಗೆ ಹೋಗುವ ಮಕ್ಕಳಿಗೆ ಮಾಡುವ ಹಾಗೆ ನನ್ನ ನಂಬರನ್ನು ಬಾಲ್‌ಪೆನ್ನಿನಲ್ಲಿ ಅವರ ಅಂಗೈಯಲ್ಲಿ ಬರೆದೆ. ಮಾಂಯ್ ಕೈ ನೋಡಿಕೊಂಡು ಚಿಕ್ಕ ಹುಡುಗಿಯ ಹಾಗೆ ನಕ್ಕರು.

ದಾರಿಯಲ್ಲಿ ಹೆದ್ದಾರಿಯ ಪಕ್ಕದ ಮಸೀದಿಯಲ್ಲಿ ಬಾಂಗ್ ಆಯಿತು. ನಾನು ಮುಂದಿನ ಸೀಟಿನಲ್ಲಿ ಸ್ಟ್ಯಾನಿಗೆ ಎಕ್ಸಿಟ್ ತಪ್ಪಬಾರದೆಂದು ಮ್ಯಾಪ್ ನೋಡಿ ಹೇಳುತ್ತಿದ್ದೆ. ಹಿಂದಿನ ಸೀಟಿನಲ್ಲಿ, ಚಪಾತಿ ಪಲ್ಯದ ಡಬ್ಬಿ ಮಡಿಲಲ್ಲಿಟ್ಟುಕೊಂಡು, ಮಾಂಯ್ ಅಭ್ಯಾಸದಂತೆ ಅಬಾಯದೊಳಗೇ ಸೂಜಿ ಹಾಕಿಕೊಂಡಿದ್ದರು. ಪಕ್ಕದಲ್ಲಿ ಕೂತಿದ್ದ ರಿಯಾಳ ಕಿವಿಯಲ್ಲಿ ಇಯರ್‌ಫೋನ್. ಅವಳೂ ನೋಡಲಿಲ್ಲ. ಅರ್ಧ ಗಂಟೆಯೊಳಗೆ ಪಾರ್ಕಿನ ಹುಲ್ಲಿನ ಮೇಲೆ ಕೂತು ಡಬ್ಬಿ ಬಿಚ್ಚುವುದು ಮಾಂಯ್‌ಯ ಲೆಕ್ಕಾಚಾರ.

ಗೇಟಿನಲ್ಲಿ ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದರು. ಡಬ್ಬಿಯನ್ನು ಕೌಂಟರಿನಲ್ಲಿಟ್ಟು ಟೋಕನ್ ಕೊಟ್ಟರು, ಹಿಂದಿನಿಂದ ಜನ ತಳ್ಳುತ್ತಿದ್ದರು, ಒಳಗೆ ಬಂದೆವು. ಬಣ್ಣದ ದೀಪಗಳು, ಆಕಾಶಕ್ಕೆ ಏರಿ ದೊಪ್ಪನೆ ಇಳಿಯುವ ರೈಲುಗಳು, ಅದರಲ್ಲಿ ಕಿರಿಚುವ ಜನ, ಸುಳ್ಳು ನದಿ, ಸುಳ್ಳು ಹಳ್ಳಿ. ಅದನ್ನೆಲ್ಲ ಬೆರಗಾಗಿ ನೋಡುತ್ತ ನಿಂತಿರುವಾಗ ಮಾಂಯ್ ನನ್ನ ಕೈ ಜಗ್ಗಿ ಮೆಲ್ಲಗೆ ಹೇಳಿದರು. "ನಾನು ಸೂಜಿ ಹಾಕ್ಕೊಂಡಾಯ್ತಲ್ಲ ಬಾಯ್. ಡಬ್ಬಿ ಅಲ್ಲೇ ಉಳೀತು."

ಪರ್ಸಿನಲ್ಲಿ ಯಾವಾಗಲೂ ಟಾಫಿ ಇಟ್ಟಿರುತ್ತೇನೆ. ಕೈ ಹಾಕಿದರೆ ಬರೀ ಕಾಗದ, ರಿಯಾ ದಾರಿಯಲ್ಲೇ ತಿಂದು ಮುಗಿಸಿದ್ದಳು. ಹತ್ತಿರದ ತಿಂಡಿ ಕೌಂಟರಿನಲ್ಲಿ ಉದ್ದ ಸಾಲು. ಸ್ಟ್ಯಾನಿಯನ್ನು ಅಲ್ಲಿಗೆ ಓಡಿಸಿದೆ. ಸಾಲಿನ ಎದುರಿಗೇ ಇದ್ದ ಬೆಂಚಿನಲ್ಲಿ ಮಾಂಯ್‌ಯನ್ನು ಕೂರಿಸಿದೆ. ರಿಯಾಳ ರೈಲಿಗೆ ಮೊದಲೇ ಬುಕ್ ಮಾಡಿದ ಸಮಯ ಮೀರುತ್ತಿತ್ತು, ಬಾಗಿಲಲ್ಲಿ ದೊಡ್ಡವರೊಬ್ಬರು ನಿಲ್ಲಬೇಕಿತ್ತು. ಅವಳನ್ನು ಬಿಟ್ಟು ಈಗ ಬಂದೆ ಎಂದು ಹೋದೆ. ಮಾಂಯ್ ನಿನ್ನ ಕಣ್ಣೆದುರೇ ಇದ್ದಾರೆ ಎಂದು ಸ್ಟ್ಯಾನಿಗೆ ದೂರದಿಂದಲೇ ಕೈಸನ್ನೆ ಮಾಡಿದೆ. ಮಾಂಯ್ ನನ್ನ ಜೊತೆ ಬರುತ್ತಿದ್ದಾರೆ ಎಂದು ಹೇಳುತ್ತಿದ್ದೇನೆಂದು ಅವನು ತಿಳಿದುಕೊಂಡ.

ವಾಪಸು ಬಂದಾಗ ಬೆಂಚಿನಲ್ಲಿ ಒಂದು ಸೌದಿ ಕುಟುಂಬ ಪಾಪ್‌ಕಾರ್ನ್ ತಿನ್ನುತ್ತಿತ್ತು.

ಆ ಹೊತ್ತಿನ ಬಗ್ಗೆ ಬರೆಯಲು ನನಗೆ ಈಗಲೂ ಕೈ ಬರುವುದಿಲ್ಲ. ಎಲ್ಲಿ ನೋಡಿದರೂ ಕರಿ ಅಬಾಯ. ಗಿಡ್ಡ, ಎತ್ತರ, ದಪ್ಪ, ತೆಳು, ಸ್ವಲ್ಪ ಬಾಗಿ ನಡೆಯುವವರು, ಮೊಮ್ಮಕ್ಕಳ ಕೈ ಹಿಡಿದವರು. ಹಿಂದಿನಿಂದ ನೋಡಿದರೆ ಎಲ್ಲರೂ ನನ್ನ ಅಮ್ಮ. ನಾನು ಓಡಿ ಹೋಗಿ ಹೆಗಲು ಹಿಡಿದು ತಿರುಗಿಸುವುದು, ಬೇರೆ ಮುಖ ಕಂಡು ಸಾರಿ ಸಾರಿ ಎನ್ನುವುದು. ಒಬ್ಬಳು ಮುದುಕಿ ಬೈಯಲಿಲ್ಲ, ನನ್ನ ಮುಖ ನೋಡಿ ಕೈ ಹಿಡಿದು ಅರಬಿಯಲ್ಲಿ ಏನೋ ಪ್ರಾರ್ಥನೆ ಹೇಳಿದಳು. ಸೆಕ್ಯೂರಿಟಿಯ ಯುವಕ ಒಳ್ಳೆಯವನೇ. ಫೋಟೋ ಕೇಳಿದ. ನನ್ನ ಫೋನಿನಲ್ಲಿದ್ದುದೆಲ್ಲ ಸೀರೆಯ ಫೋಟೋಗಳು. ಈಗ ಏನು ಹಾಕಿದ್ದಾರೆ ಎಂದು ಕೇಳಿದ. ಕರಿ ಅಬಾಯ, ಕರಿ ಶಾಲು ಎಂದೆ. ಅವನು ತಲೆಯೆತ್ತಿ ಜನಸಂದಣಿಯನ್ನೊಮ್ಮೆ ನೋಡಿದ. ಆ ಹಳದಿ ಸೀರೆಯಲ್ಲೇ ಬಿಟ್ಟಿದ್ದರೆ ಪಾರ್ಕಿನ ಆ ತುದಿಯಿಂದಲೂ ಕಾಣುತ್ತಿದ್ದರು.

ಮೈಕಿನಲ್ಲಿ ಅರಬಿಯಲ್ಲೂ ಇಂಗ್ಲಿಷಿನಲ್ಲೂ ಕರೆದರು. ಎರಡೂ ಮಾಂಯ್‌ಗೆ ಅರ್ಥವಾಗದ ಭಾಷೆ. ಹೆಸರನ್ನಂತೂ ಅವರು ಹೇಳಿದ ರೀತಿಯಲ್ಲಿ ನನಗೇ ಗುರುತಾಗಲಿಲ್ಲ.

ನಾನು ನರ್ಸ್ ಆಗಿರದಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಸಕ್ಕರೆ ಇಳಿದಾಗ ಏನೇನಾಗುತ್ತದೆ ಎಂದು ನನಗೆ ಒಂದೊಂದಾಗಿ ಗೊತ್ತು. ಮೊದಲು ಬೆವರು, ಕೈಕಾಲು ನಡುಕ. ಆಮೇಲೆ ಮಾತು ತೊದಲುತ್ತದೆ, ಎಲ್ಲಿದ್ದೇನೆಂದು ತಿಳಿಯುವುದಿಲ್ಲ. ಆಮೇಲೆ ಎಲ್ಲಾದರೂ ಒರಗಿ ಕಣ್ಣು ಮುಚ್ಚುತ್ತಾರೆ. ನೋಡಿದವರು ಅಜ್ಜಿ ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡು, ಎಬ್ಬಿಸಬಾರದೆಂದು ಮಕ್ಕಳಿಗೆ ಸದ್ದು ಮಾಡಬೇಡಿ ಎನ್ನುತ್ತಾರೆ. ಸುತ್ತ ಅಷ್ಟು ದೀಪ, ಅಷ್ಟು ಸಂಗೀತ, ಅಷ್ಟು ನಗು. ಅದರ ನಡುವೆ ನನ್ನ ಅಮ್ಮ ಒಂದು ಮೂಲೆಯಲ್ಲಿ ಮರ್ಯಾದೆಯಾಗಿ ಕೂತು ಸಾಯುತ್ತಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು. ರೈಲಿನಿಂದ ಇಳಿದ ರಿಯಾ ನನ್ನನ್ನು ನೋಡಿ ಅಳತೊಡಗಿದಳು. ಸ್ಟ್ಯಾನಿ ಕೈಯಲ್ಲಿ ತಣ್ಣಗಾದ ಬರ್ಗರ್ ಹಿಡಿದು "ಮಾಂಯ್, ಮಾಂಯ್" ಎಂದು ಕೂಗುತ್ತ ಅತ್ತಿತ್ತ ಓಡುತ್ತಿದ್ದ.

ಆಗ ನನ್ನ ಫೋನ್ ಹೊಡೆಯಿತು. ಗೊತ್ತಿಲ್ಲದ ನಂಬರ್. ಎತ್ತಿದರೆ ಮಾಂಯ್.

"ಹೆದರಬೇಡ ಬಾಯ್, ನಾನು ಇಲ್ಲಿ ರೊಟ್ಟಿ ಅಂಗಡಿಯಲ್ಲಿ ಕೂತಿದ್ದೇನೆ" ಎಂದರು. ದನಿ ಸ್ಪಷ್ಟವಾಗಿತ್ತು, ತೊದಲಿರಲಿಲ್ಲ. ಕೈಕಾಲು ನಡುಗಲು ಶುರುವಾಯಿತಂತೆ, ರೊಟ್ಟಿ ಸುಡುವ ವಾಸನೆ ಬಂದ ಕಡೆಗೆ ಎದ್ದು ನಡೆದರಂತೆ. ಗಡ್ಡದವನೊಬ್ಬ ದೊಡ್ಡ ರೊಟ್ಟಿ, ಸಕ್ಕರೆ ಹಾಕಿದ ಚಹಾ ಕೊಟ್ಟನಂತೆ. ಅಂಗೈ ತೋರಿಸಿದ್ದಕ್ಕೆ ಅವನೇ ಫೋನ್ ತಿರುಗಿಸಿ ಕೊಟ್ಟನಂತೆ. ಎಲ್ಲಿ ಮಾಂಯ್, ಎದುರಿಗೆ ಎಂತ ಉಂಟು, ಎಂದು ನಾನು ಕಿರುಚಿದೆ. "ಎದುರಿಗೆ ಬೋರೆ ಹಣ್ಣಿನ ಮರ ಉಂಟು. ಅದರ ಅಡಿಯಲ್ಲಿ ಹಗ್ಗದ ಮಂಚ. ಲಾರಿ ನಿಂತಿದೆ. ಹಿಂದೆ ಗುಡ್ಡ. ನೀನು ಓಡಬೇಡ, ಮೆಲ್ಲ ಬಾ" ಎಂದರು. ಫೋನ್ ಕಟ್ಟಾಯಿತು.

ಸೆಕ್ಯೂರಿಟಿಯವನಿಗೆ ಹೇಳಿದೆ. ಪಾರ್ಕಿನೊಳಗೆ ರೊಟ್ಟಿ ಅಂಗಡಿ ಇಲ್ಲ, ಲಾರಿ ಬರುವುದಿಲ್ಲ, ಬೋರೆ ಮರವೂ ಇಲ್ಲ ಎಂದ. ಸಕ್ಕರೆ ಇಳಿದು ಮಾಂಯ್‌ಗೆ ಭ್ರಮೆಯಾಗಿದೆ ಎಂದು ನನಗೆ ಅನಿಸಿತು. ಮಾಂಯ್ ಹೇಳಿದ್ದನ್ನು ಸ್ಟ್ಯಾನಿಗೂ ಹೇಳಿದೆ. ಅವನು ಬರ್ಗರ್ ಹಿಡಿದವನು ಹಾಗೇ ನಿಂತುಬಿಟ್ಟ.

"ಹಗ್ಗದ ಮಂಚ ಅಂದರಾ?" ಎಂದು ಕೇಳಿದ. ಆಮೇಲೆ ಪಾರ್ಕಿನ ಹಿಂದೆ ಕತ್ತಲಲ್ಲಿ ಕಾಣುತ್ತಿದ್ದ ಗುಡ್ಡದ ಅಂಚನ್ನು ನೋಡಿದ. ಸ್ವಲ್ಪ ಬಲಕ್ಕೆ ಸರಿದು ಮತ್ತೆ ನೋಡಿದ. "ಬಾ" ಎಂದು ಓಡತೊಡಗಿದ.

ಅವನು ಈ ದೇಶಕ್ಕೆ ಬಂದ ಹೊಸದರಲ್ಲಿ ಹಾಲಿನ ವ್ಯಾನ್ ಓಡಿಸುತ್ತಿದ್ದ. ಆಗ ಇಲ್ಲೆಲ್ಲ ಬರೀ ಮರಳು, ಲಾರಿಗಳು ನಿಲ್ಲುವ ಒಂದು ಜಾಗ, ಅಲ್ಲಿ ಒಬ್ಬ ಪಠಾಣನ ತಮೀಸ್ ಅಂಗಡಿ. ತಮೀಸ್ ಎಂದರೆ ಎಳ್ಳು ಉದುರಿಸಿ ಒಲೆಯ ಗೋಡೆಗೆ ಬಡಿದು ಸುಡುವ ದೊಡ್ಡ ರೊಟ್ಟಿ, ಗಲ್ಫಿನ ಬ್ಯಾಚುಲರ್‌ಗಳೆಲ್ಲ ಅದನ್ನೇ ತಿಂದು ಬದುಕಿದವರು. ಎಲ್ಲರೂ ಅವನನ್ನು ಖಾನ್ ಭಾಯ್ ಎನ್ನುತ್ತಿದ್ದರು. ಸಂಬಳ ತಡವಾದ ತಿಂಗಳುಗಳಲ್ಲೂ ಸ್ಟ್ಯಾನಿ ಅಲ್ಲಿ ಹಸಿದು ಎದ್ದದ್ದಿಲ್ಲವಂತೆ. ಈ ಅಂಗಡಿಯ ವಿಷಯ, ಗುಡ್ಡದ ಅಂಚು ನೋಡಿ ಅದರ ಜಾಗ ಗುರುತಿಸಿದ್ದು, ಇದನ್ನೆಲ್ಲ ಅವನು ನನಗೆ ಹೇಳಿದ್ದು ಆಮೇಲೆ. ಆಗ ಮಾತಾಡದೆ ಓಡಿದ. ರೈಲಿನ ಕಂಬಗಳ ಹಿಂದೆ, ದೀಪಗಳು ಮುಗಿಯುವಲ್ಲಿ, ಚಿತ್ರ ಬರೆದ ತಗಡಿನ ಗೋಡೆ. ಆ ಗೋಡೆಯ ಬುಡದಲ್ಲಿ ಕಲ್ಲಿನ ಕಟ್ಟೆಯ ಮೇಲೆ ಹಳದಿ ಸೀರೆ ದೂರದಿಂದಲೇ ಕಂಡಿತು.

ಮಾಂಯ್ ಒಬ್ಬರೇ ಕೂತಿದ್ದರು. ಮೈಮೇಲೆ ಅಬಾಯ ಇರಲಿಲ್ಲ, ಚಳಿಗೆ ಸೆರಗು ಹೊದ್ದುಕೊಂಡಿದ್ದರು. ನಾನು ಅವರ ಮಡಿಲಿಗೆ ಬಿದ್ದು ಅತ್ತೆ. ಸೀರೆಗೆ ಒಲೆಯ ಹೊಗೆಯ ವಾಸನೆ ಇತ್ತು, ನೆರಿಗೆಯಲ್ಲಿ ಎಳ್ಳು ಉದುರಿತ್ತು. ಪಾರ್ಕಿನ ಫಸ್ಟ್ ಏಡ್ ಕೋಣೆಯಲ್ಲಿ ನಾನೇ ನನ್ನ ಕೈಯಿಂದ ಬೆರಳು ಚುಚ್ಚಿ ಸಕ್ಕರೆ ನೋಡಿದೆ. ಹೊಟ್ಟೆ ತುಂಬ ಉಂಡು ಎದ್ದವರ ಸಕ್ಕರೆ.

ಅಬಾಯ ಎಲ್ಲಿ ಎಂದು ಕೇಳಿದ್ದಕ್ಕೆ, "ಅಂಗಡಿಯ ಒಳಗೆ ಎಂಥ ಸೆಕೆ, ತೆಗೆದು ಮೊಳೆಗೆ ಹಾಕಿದೆ. ಮರೆತು ಬಂದೆ" ಎಂದರು. ಸ್ಟ್ಯಾನಿ ಕಾಡಿ ಬೇಡಿದ ಮೇಲೆ ಸೆಕ್ಯೂರಿಟಿಯವನು ತಗಡಿನ ಗೇಟು ತೆಗೆಸಿ ಟಾರ್ಚ್ ಹಾಕಿ ತೋರಿಸಿದ. ಮರಳು, ಪೈಪುಗಳ ರಾಶಿ, ಅಷ್ಟೇ. ಮಾಂಯ್ ಮಾತಾಡಿದ್ದ ಆ ನಂಬರಿಗೆ ನಾನು ಫೋನ್ ಮಾಡಿದೆ. ನಂಬರ್ ಪೂರ್ತಿಯಿಲ್ಲ ಎಂದು ರೆಕಾರ್ಡಿನ ದನಿ ಹೇಳಿತು. ಸ್ಟ್ಯಾನಿ ಇಣುಕಿ ನೋಡಿ, ಇದು ಲ್ಯಾಂಡ್‌ಲೈನ್, ಹಳೆಯ ಕಾಲದ್ದು, ಆಮೇಲೆ ಎಲ್ಲ ನಂಬರಿಗೂ ಒಂದು ಅಂಕಿ ಸೇರಿಸಿದರಲ್ಲ ಎಂದ.

ಆ ರೊಟ್ಟಿಯವನು ಯಾವ ಭಾಷೆಯಲ್ಲಿ ಮಾತಾಡಿದ ಮಾಂಯ್, ಎಂದು ಮನೆಗೆ ಬರುವಾಗ ಕಾರಿನಲ್ಲಿ ಕೇಳಿದೆ. "ಅದನ್ನೆಲ್ಲ ಯಾರು ನೋಡಿದರು? ಹಸಿವಾದವಳಿಗೆ ಎಂತ ಭಾಷೆ" ಎಂದರು. ಆಮೇಲೆ ಮುಂದಿನ ಸೀಟಿನ ಕಡೆಗೆ ಬಾಗಿ, "ಅವನಿಗೆ ನಿನ್ನ ಪರಿಚಯ ಉಂಟಲ್ಲ ಸ್ಟ್ಯಾನಿ ಬಾಬ್" ಎಂದರು. "ನನ್ನ ಮಗಳಿಗೆ ಇಲ್ಲಿ ದಾರಿ ಗೊತ್ತಾಗುವುದಿಲ್ಲ ಅಂದೆ. ಅಳಿಯನಿಗೆ ಗೊತ್ತುಂಟು, ಬರ್ತಾನೆ, ನೀವು ತಿನ್ನಿ ಅಂದ. ಹಾಲಿನ ಹುಡುಗ ಅಂದ."

ಸ್ಟ್ಯಾನಿ ಕಾರನ್ನು ಹೆದ್ದಾರಿಯ ಬದಿಗೆ ತಂದು ನಿಲ್ಲಿಸಿದ. ಸ್ಟೀರಿಂಗ್ ಮೇಲೆ ತಲೆ ಇಟ್ಟ. ಅವನು ಹಾಲಿನ ವ್ಯಾನ್ ಓಡಿಸಿದ ವಿಷಯ ಮಾಂಯ್‌ಗೆ ಗೊತ್ತಿರಲಿಲ್ಲ. ಮದುವೆಯ ಮಾತುಕತೆಯಲ್ಲಿ ಅವನ ಮನೆಯವರು ಆಫೀಸ್ ಕೆಲಸ ಎಂದಿದ್ದರು, ನಾವೂ ಅದನ್ನು ತಿದ್ದಲು ಹೋಗಿರಲಿಲ್ಲ.

ನನ್ನ ತಲೆಗೆ ಹೊಳೆದ ಕಾರಣಗಳನ್ನೆಲ್ಲ ಹುಡುಕಿದ್ದೇನೆ. ಸಕ್ಕರೆ ಇಳಿದಾಗ ಜನ ಇಲ್ಲದ್ದನ್ನು ಕಾಣುತ್ತಾರೆ, ಸರಿ. ಆದರೆ ಕಂಡ ರೊಟ್ಟಿಯಿಂದ ಸಕ್ಕರೆ ಏರುವುದಿಲ್ಲ. ಯಾರೋ ಪುಣ್ಯಾತ್ಮ ತಿನ್ನಿಸಿ ಹೋಗಿರಬಹುದು, ಅದೂ ಸರಿ. ಆ ಫೋನಿಗೆ ಏನು ಹೇಳಲಿ? ಖಾನ್ ಭಾಯ್ ಬದುಕಿದ್ದಾನೋ ಇಲ್ಲವೋ ಎಂದು ಸ್ಟ್ಯಾನಿ ಹಳೆಯ ಡ್ರೈವರ್‌ಗಳನ್ನೆಲ್ಲ ವಿಚಾರಿಸಿದ. ಅಂಗಡಿ ಕೆಡವಿದ ಮೇಲೆ ಅವನನ್ನು ಕಂಡವರು ಯಾರೂ ಸಿಗಲಿಲ್ಲ. ಅವನ ಪೂರ್ತಿ ಹೆಸರೂ ಯಾರಿಗೂ ಗೊತ್ತಿಲ್ಲ. ಪಾರ್ಕಿನವರ ಹತ್ತಿರ ಅಬಾಯಕ್ಕಾಗಿ ನಾನು ಎಷ್ಟೋ ಸಲ ಕೇಳಿದೆ. ಬಿಟ್ಟುಹೋದ ಅಬಾಯಗಳು ಅವರ ಹತ್ತಿರ ಬೇಕಾದಷ್ಟಿದ್ದವು, ನನ್ನದು ಇರಲಿಲ್ಲ.

ಮಾಂಯ್‌ಗೆ ಮಾತ್ರ ಇದರಲ್ಲಿ ವಿಚಿತ್ರ ಎನ್ನುವುದೇ ಇಲ್ಲ. ಊರಿನಲ್ಲಿ ಆಮೊರಿಯ ಗಂಟೆಗೆ ಪ್ರಾರ್ಥನೆ ಮಾಡುವಾಗ ಆ ರೊಟ್ಟಿಯವನಿಗಾಗಿಯೂ ಒಂದು ನಮೋ ಮರಿಯೆ ಹೇಳುತ್ತಾರೆ. ಈ ಚಳಿಗಾಲಕ್ಕೆ ಮತ್ತೆ ಬರುತ್ತಿದ್ದಾರೆ, ವೀಸಾ ಆಗಿದೆ. ಮೊನ್ನೆ ಫೋನಿನಲ್ಲಿ, ಈ ಸಲ ನಿಮಗೆ ಯಾವ ಬಣ್ಣದ ಅಬಾಯ ತರಲಿ, ದೂರದಿಂದ ಕಾಣುವಂಥದ್ದು ನೋಡುತ್ತೇನೆ ಎಂದೆ.

"ಹೊಸದು ಎಂತಕ್ಕೆ?" ಎಂದರು ಮಾಂಯ್. "ನನ್ನದು ಅಲ್ಲಿ ಮೊಳೆಯಲ್ಲಿ ಉಂಟಲ್ಲ. ಸ್ಟ್ಯಾನಿಗೆ ದಾರಿ ಗೊತ್ತುಂಟು, ಹೋಗಿ ತಂದಿಡಲಿಕ್ಕೆ ಹೇಳು."

ಫೋನ್ ಸ್ಪೀಕರಿನಲ್ಲಿತ್ತು. ಸ್ಟ್ಯಾನಿ ಪಕ್ಕದಲ್ಲೇ ಕೂತಿದ್ದ. "ಆಯ್ತು ಮಾಂಯ್" ಎಂದ. ಅದೇ ವಾರದ ಶುಕ್ರವಾರ ಸಂಜೆ ಬಾಂಗ್ ಆಗುವ ಹೊತ್ತಿಗೆ, ನನಗೆ ಹೇಳದೆ, ಕಾರಿನ ಕೀಲಿ ತೆಗೆದುಕೊಂಡು ಹೊರಟ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಬರಿಗೈಯಲ್ಲಿ ವಾಪಸು ಬಂದ. ಬಾಗಿಲು ತೆಗೆದಾಗ ಅವನ ಅಂಗಿಯಲ್ಲಿ ಹೊಗೆಯ ವಾಸನೆ ಇತ್ತು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದ.